ಕೊಳೆರೋಗ, ಮೈಲುತುತ್ತ ಮತ್ತು ಶೇಕಡಾ ಒಂದು: ಲೆಸ್ಲಿ ಕೋಲ್ಮನ್ ಅವರ ಬದುಕಿನಿಂದ ಒಂದು ಸಾರತೆಯ ಪಾಠ

ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ದ್ರಾವಣದ ಸಾರತೆಗೆ ಪಾಠಯೋಜನೆ ಬರೆಯುವ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಂದೇ ದಾರಿ ಹಿಡಿಯುತ್ತಾರೆ. ಬೀಕರಿನಲ್ಲಿ ನೀರು, ಅದಕ್ಕೆ ಉಪ್ಪು, ಗಾಜಿನ ಕಡ್ಡಿಯಿಂದ ಕಲಕುವುದು, ಆಮೇಲೆ ಕಪ್ಪುಹಲಗೆಯ ಮೇಲೆ ಸೂತ್ರ. 320 ಗ್ರಾಂ ನೀರಿನಲ್ಲಿ 40 ಗ್ರಾಂ ಉಪ್ಪು ಕರಗಿದರೆ ಸಾರತೆ ಎಷ್ಟು ಎಂದು ಕೇಳಿದರೆ ಮಕ್ಕಳು ಶೇ. 11.1 ಎಂದು ಬರೆಯುತ್ತಾರೆ. ಕೆಲವರು 40ನ್ನು 360ರ ಬದಲು 320ರಿಂದ ಭಾಗಿಸಿ 12.5 ಎನ್ನುತ್ತಾರೆ, ಅವರನ್ನು ತಿದ್ದುವುದರೊಳಗೆ ಗಂಟೆ ಹೊಡೆಯುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಶಾಲೆಗಳಲ್ಲಿ ಬೋಧನಾಭ್ಯಾಸ ವೀಕ್ಷಿಸಲು ಹೋದಾಗಲೆಲ್ಲ ನಾನು ತರಗತಿಯ ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಕೇಳುವ ರೂಢಿ ಇಟ್ಟುಕೊಂಡಿದ್ದೇನೆ. ಮನೆಯ ಸಿಂಪರಣೆ ಪಂಪಿನಲ್ಲಿ 16 ಲೀಟರ್ ನೀರು ಹಿಡಿಯುತ್ತದೆ, ಶೇ. 1ರ ಔಷಧಿ ಮಾಡಬೇಕು, ಮೈಲುತುತ್ತ ಎಷ್ಟು ಗ್ರಾಂ ಬೇಕು ಎಂಬುದೇ ಆ ಪ್ರಶ್ನೆ. ಸೂತ್ರ ಬಲ್ಲ ಮಕ್ಕಳೂ ಇಲ್ಲಿ ತಡವರಿಸುತ್ತಾರೆ. ಸೂತ್ರ ಅವರ ನೋಟ್‌ಬುಕ್ಕಿನಲ್ಲಿದೆ, ತುತ್ತ ಅವರ ಮನೆಯ ಅಟ್ಟದ ಮೇಲಿದೆ. ಎರಡಕ್ಕೂ ಸಂಬಂಧವಿದೆ ಎಂದು ಅವರಿಗೆ ಯಾರೂ ತೋರಿಸಿಲ್ಲ.

ಆ ಸಂಬಂಧ ತೋರಿಸಲು ನಾನು ಕೆಲವು ವರ್ಷಗಳಿಂದ ಒಬ್ಬ ವಿಜ್ಞಾನಿಯ ಜೀವನವನ್ನು ಬಳಸುತ್ತಿದ್ದೇನೆ. ಅವರು ಲೆಸ್ಲಿ ಕೋಲ್ಮನ್, ಮೈಸೂರು ಸಂಸ್ಥಾನದ ಮೊದಲ ಕೃಷಿ ನಿರ್ದೇಶಕರು. ಅಡಿಕೆ ತೋಟಗಳಲ್ಲಿ ಇಂದಿಗೂ ಮಳೆಗಾಲಕ್ಕೆ ಮುನ್ನ ಹೊಡೆಯುವ ನೀಲಿ ಔಷಧಿ ಈ ನಾಡಿನಲ್ಲಿ ಬೇರೂರಿದ್ದು ಅವರ ಕೆಲಸದಿಂದ. ವಿಜ್ಞಾನಿಯ ಜೀವನಚರಿತ್ರೆ ಎಂದರೆ ಹುಟ್ಟಿದ ಊರು, ಗಳಿಸಿದ ಪದವಿ, ಸಂದ ಪ್ರಶಸ್ತಿಗಳ ಪಟ್ಟಿ ಎಂದು ತಿಳಿದಿರುವ ಪ್ರಶಿಕ್ಷಣಾರ್ಥಿಗಳಿಗೆ, ಒಂದು ಬದುಕನ್ನು ಪರಿಕಲ್ಪನೆಯ ಪಾಠವಾಗಿ ಹೇಗೆ ಹೇಳಬಹುದು ಎಂಬುದಕ್ಕೂ ಇದು ಉದಾಹರಣೆಯಾದೀತು.

ಕೆನಡಾದಿಂದ ಮೈಸೂರಿಗೆ

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾ ದೇಶದ ಒಂಟಾರಿಯೊ ಪ್ರಾಂತ್ಯದಲ್ಲಿ. ಟೊರೊಂಟೊದಲ್ಲಿ ಪದವಿ ಮುಗಿಸಿ, ಹೆಚ್ಚಿನ ಅಧ್ಯಯನಕ್ಕೆ ಜರ್ಮನಿಯ ಗಾಟಿಂಗೆನ್‌ಗೆ ಹೋದರು. ಅಲ್ಲಿ ಅವರು ಆರಿಸಿಕೊಂಡ ವಿಷಯ ನೈಟ್ರೀಕರಣ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೇಟ್ ಆಗಿ ಬದಲಿಸುವ ಕ್ರಿಯೆ ಅದು. ಅದನ್ನು ಅಭ್ಯಸಿಸುವವರು ದಿನದಿನಕ್ಕೂ ಅಳೆಯಬೇಕಾದದ್ದು ಒಂದೇ: ಇಷ್ಟು ಮಣ್ಣಿನಲ್ಲಿ, ಇಷ್ಟು ನೀರಿನಲ್ಲಿ, ನೈಟ್ರೇಟ್ ಎಷ್ಟಿದೆ. ಅಂದರೆ ಸಸ್ಯರೋಗಗಳ ಕೆಲಸಕ್ಕೆ ಬರುವ ಮೊದಲೇ ಸಾರತೆಯನ್ನು ಅಳೆಯುವುದು ಅವರ ಕೈಗೆ ಪಳಗಿದ ಕೆಲಸವಾಗಿತ್ತು.

1908ರಲ್ಲಿ ಅವರು ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರಶಾಸ್ತ್ರಜ್ಞ ಮತ್ತು ಕೀಟಶಾಸ್ತ್ರಜ್ಞರಾಗಿ ಬಂದರು. ಆಗ ಅವರಿಗೆ ಮೂವತ್ತು ವರ್ಷ. ಅದಕ್ಕೆ ಮೊದಲೇ, 1899ರಲ್ಲಿ, ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ ಕೊಟ್ಟ 30 ಎಕರೆ ಜಮೀನಿನಲ್ಲಿ ಕೃಷಿ ರಸಾಯನಶಾಸ್ತ್ರಜ್ಞ ಡಾ. ಲೆಹ್ಮನ್ ಮಣ್ಣು ಮತ್ತು ಬೆಳೆಗಳ ಪ್ರಯೋಗ ಶುರುಮಾಡಿದ್ದರು. ರೋಗ ಮತ್ತು ಕೀಟಗಳ ವಿಚಾರದಲ್ಲಿ ಮಾತ್ರ ಕೆಲಸ ಬಹುಮಟ್ಟಿಗೆ ಹೊಸದಾಗಿ ಆಗಬೇಕಿತ್ತು. ಮಲೆನಾಡಿನ ಅಡಿಕೆ ಬೆಳೆಗಾರರನ್ನು ಕಾಡುತ್ತಿದ್ದ ಕೊಳೆರೋಗ ಅವರ ಮುಂದೆ ಬಂದ ಮೊದಲ ದೊಡ್ಡ ಸಮಸ್ಯೆಗಳಲ್ಲೊಂದು.

ಕೊಳೆರೋಗದ ಬೆನ್ನು ಹತ್ತಿ

ಅಡಿಕೆ ಸೀಮೆಯ ಮಕ್ಕಳಿಗೆ ಕೊಳೆರೋಗ ವಿವರಿಸಬೇಕಿಲ್ಲ. ಜಡಿಮಳೆ ಹಿಡಿದು, ನಡುವೆ ಬಿಸಿಲು ಬಿದ್ದು, ಮತ್ತೆ ಮಳೆ ಹೊಯ್ದರೆ ಎಳೆಗಾಯಿಗಳ ಮೇಲೆ ನೀರು ತುಂಬಿದಂಥ ಕಡುಹಸಿರು ಕಲೆ ಕಾಣುತ್ತದೆ. ಆಮೇಲೆ ಬಿಳಿ ಬೂಷ್ಟು. ಕೆಲವೇ ದಿನಗಳಲ್ಲಿ ಗೊನೆಯ ಕಾಯಿಗಳು ಮರದ ಬುಡಕ್ಕೆ ಉದುರಿಬಿಡುತ್ತವೆ. ವರ್ಷದ ಸಾಲ ತೀರಿಸಬೇಕಾದ ಫಸಲು ಹೀಗೆ ಆಷಾಢ, ಶ್ರಾವಣದಲ್ಲೇ ನೆಲ ಸೇರುತ್ತಿತ್ತು. ಮಲೆನಾಡಿಗರು ಇದಕ್ಕೆ ತಮ್ಮದೇ ಉಪಾಯ ಮಾಡಿಕೊಂಡಿದ್ದರು. ಮಳೆ ಹಿಡಿಯುವ ಮುನ್ನ ಒಂದೊಂದು ಗೊನೆಗೂ ಕೊಟ್ಟೆ ಕಟ್ಟಿ ನೀರು ತಾಗದಂತೆ ನೋಡಿಕೊಳ್ಳುತ್ತಿದ್ದರು. ಉಪಾಯ ಸರಿಯಾದದ್ದೇ, ಆದರೆ ಒಂದೊಂದು ಮರವನ್ನೂ ಹತ್ತಿ ಒಂದೊಂದು ಗೊನೆಯನ್ನೂ ಹೊದಿಸುವ ಶ್ರಮ ಬಹಳ.

ಕೋಲ್ಮನ್ ರೋಗದ ಮೂಲ ಹುಡುಕಿದರು. ಕಾಯಿಯ ಮೇಲೆ ಬೆಳೆಯುವ ಜೀವಿ ಫೈಟಾಫ್ತೊರ ಗುಂಪಿಗೆ ಸೇರಿದ್ದೆಂದು ಗುರುತಿಸಿ, 1910ರಲ್ಲಿ ಪ್ರಕಟವಾದ ತಮ್ಮ ಬುಲೆಟಿನ್‌ನಲ್ಲಿ ಅದನ್ನು ಅಡಿಕೆಯ ಹೆಸರಿನೊಂದಿಗೆ ವರ್ಣಿಸಿದರು. ಐರ್ಲೆಂಡಿನಲ್ಲಿ 1840ರ ದಶಕದಲ್ಲಿ ಆಲೂಗೆಡ್ಡೆ ಬೆಳೆ ನಾಶವಾಗಿ ಭೀಕರ ಕ್ಷಾಮ ಬಂದದ್ದು ಇದೇ ಗುಂಪಿನ ಇನ್ನೊಂದು ಜೀವಿಯಿಂದ. ಆ ಬುಲೆಟಿನ್ ಇಂಗ್ಲಿಷಿನಲ್ಲಿದ್ದರೂ ರೋಗದ ಹೆಸರನ್ನು ಅವರು ಕೊಳೆರೋಗ ಎಂದೇ ಇಟ್ಟರು. ಹೊರದೇಶಗಳ ಸಸ್ಯರೋಗಶಾಸ್ತ್ರದ ಗ್ರಂಥಗಳಲ್ಲಿ ಈ ಕನ್ನಡ ಪದ ಇಂದಿಗೂ ಕಾಣುತ್ತದೆ. ತರಗತಿಯಲ್ಲಿ ಈ ಸಂಗತಿ ಹೇಳಿದಾಗ ಮಕ್ಕಳ ಮುಖ ಅರಳುವುದನ್ನು ನಾನು ಕಂಡಿದ್ದೇನೆ.

ಈ ಜೀವಿಯ ಬೀಜಕಣಗಳು ಕಾಯಿಯ ಮೇಲಿನ ತೆಳುವಾದ ನೀರಿನ ಪದರದಲ್ಲಿ ಈಜುತ್ತವೆ. ಕೊಟ್ಟೆ ಏಕೆ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಇದರಲ್ಲೇ ಉತ್ತರವಿದೆ: ನೀರಿಲ್ಲದಿದ್ದರೆ ಅವುಗಳಿಗೆ ದಾರಿಯಿಲ್ಲ. ನೀರನ್ನು ತಡೆಯಲಾಗದಿದ್ದರೆ ಏನು ಮಾಡಬೇಕು? ಆ ನೀರಿನ ಪದರದಲ್ಲೇ ಬೀಜಕಣ ಸಾಯುವಷ್ಟು ತಾಮ್ರ ಇರುವಂತೆ ಮಾಡಬೇಕು. ಅದೇ ತಾಮ್ರ ಕಾಯಿಯನ್ನು ಸುಡುವಷ್ಟು ಮಾತ್ರ ಇರಬಾರದು. ಇಲ್ಲಿಂದ ಮುಂದೆ ಕೊಳೆರೋಗದ ಪ್ರಶ್ನೆ ಸಾರತೆಯ ಪ್ರಶ್ನೆಯಾಗುತ್ತದೆ.

ಬೋರ್ಡೋ ಬಂದ ದಾರಿ

ತಾಮ್ರದ ಔಷಧಿ ಕೋಲ್ಮನ್ ಅವರ ಸ್ವಂತ ಶೋಧವಲ್ಲ. ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀರು ಚಿಮುಕಿಸುತ್ತಿದ್ದರು. ಆ ಬಳ್ಳಿಗಳಿಗೆ ಬೂಜುರೋಗ ಬಾರದಿದ್ದುದನ್ನು 1882ರಲ್ಲಿ ಗಮನಿಸಿದವರು ಮಿಲ್ಲರ್ಡೆ ಎಂಬ ಸಸ್ಯಶಾಸ್ತ್ರಜ್ಞ. ಗಯೋನ್ ಎಂಬ ರಸಾಯನಶಾಸ್ತ್ರಜ್ಞರ ನೆರವಿನಿಂದ ಪ್ರಯೋಗ ನಡೆಸಿ 1885ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅವರ ಮೊದಲ ಪಾಕದಲ್ಲಿ 100 ಲೀಟರ್ ನೀರಿಗೆ 8 ಕಿಲೋ ಮೈಲುತುತ್ತ, 30 ಲೀಟರ್ ನೀರಿಗೆ 15 ಕಿಲೋ ಸುಣ್ಣ ಇದ್ದವು. ಎರಡೂ ಸೇರಿದ ಮೇಲೆ 130 ಲೀಟರಿಗೆ 8 ಕಿಲೋ ಎಂದರೆ ಸುಮಾರು ಶೇ. 6. ಇಷ್ಟು ಗಟ್ಟಿಯಾದ ಔಷಧಿ ಬೇಕಿಲ್ಲ ಎಂಬುದು ಬಳಸುತ್ತ ಬಳಸುತ್ತ ತಿಳಿಯಿತು. ಈಗ ಅಡಿಕೆಗೆ ಶಿಫಾರಸು ಇರುವುದು ಶೇ. 1. ಆರು ಪಾಲು ತಾಮ್ರ ಸುರಿಯುವ ಕಡೆ ಒಂದು ಪಾಲು ಸಾಕು ಎಂದು ಕಂಡುಕೊಳ್ಳುವುದು ರೈತನ ಕಿಸೆಗೂ ಮಣ್ಣಿಗೂ ಎಷ್ಟು ದೊಡ್ಡ ಉಳಿತಾಯ ಎಂಬುದನ್ನು ಮಕ್ಕಳೇ ಲೆಕ್ಕ ಹಾಕಲಿ.

ಕೋಲ್ಮನ್ ಅವರ ಕಾಣಿಕೆ ಇರುವುದು ಈ ಔಷಧಿಯನ್ನು ಮಲೆನಾಡಿನ ಮಳೆಗೆ ಒಗ್ಗಿಸಿದ್ದರಲ್ಲಿ. ದ್ರಾಕ್ಷಿ ಬಳ್ಳಿ ಆಳೆತ್ತರ. ಅಡಿಕೆ ಮರ ಹಾಗಲ್ಲ, ಅದರ ಗೊನೆ ಇರುವುದು ತುದಿಯಲ್ಲಿ. ಇಲ್ಲಿನ ಮಳೆ ಬೋರ್ಡೋ ಸೀಮೆಯ ಮಳೆಯಲ್ಲ. ವಾರಗಟ್ಟಲೆ ಬಿಡದೆ ಸುರಿದು ಹೊಡೆದ ಔಷಧಿಯನ್ನು ತೊಳೆದು ಹಾಕುತ್ತದೆ. ಹಾಗಾಗಿ ಅವರು ರಾಳ ಮತ್ತು ಸೋಡಾ ಬೆರೆಸಿದ ಅಂಟನ್ನು ಔಷಧಿಗೆ ಸೇರಿಸಿ ಪ್ರಯೋಗಿಸಿದರು. ನುಣುಪಾದ ಕಾಯಿಯ ಮೇಲೂ ನೀಲಿ ಪದರ ಕಚ್ಚಿಕೊಂಡು ನಿಲ್ಲುವಂತಾಯಿತು. ಬೇಕಾದ ಸಾಮಾನು ತುತ್ತ, ಸುಣ್ಣ, ರಾಳ, ಸೋಡಾ ಮಾತ್ರ. ಸಾಮಾನ್ಯ ಬೆಳೆಗಾರನ ಕೈಗೂ ಎಟಕುವಂಥವು. ಸಂಸ್ಥಾನದ ಅಡಿಕೆ ಸೀಮೆಯಲ್ಲಿ ಸಿಂಪರಣೆ ಕ್ರಮೇಣ ವಾಡಿಕೆಯಾಯಿತು. ನೂರು ವರ್ಷ ದಾಟಿದರೂ ಅದು ಬಳಕೆ ತಪ್ಪಿಲ್ಲ.

ಶೇಕಡಾ ಒಂದು ಎಂದರೆ ಏನು

ಇಂದಿನ ಶಿಫಾರಸು ಹೀಗಿದೆ. 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು. ಬೇರೆ ಪಾತ್ರೆಯಲ್ಲಿ 1 ಕಿಲೋ ಸುಣ್ಣವನ್ನು ಅರಳಿಸಿ 50 ಲೀಟರ್ ಮಾಡಿ ಸೋಸಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕಲಕಬೇಕು. ಈ ನಾಲ್ಕು ಸಾಲಿನಲ್ಲಿ ಒಂದು ಘಟಕಕ್ಕೆ ಸಾಕಾಗುವಷ್ಟು ಕಲಿಕೆ ಇದೆ.

ಮೊದಲನೆಯದು ದುರ್ಬಲಗೊಳಿಸುವಿಕೆ. 50 ಲೀಟರಿಗೆ 1 ಕಿಲೋ ಎಂದರೆ 100 ಮಿ.ಲೀ.ಗೆ 2 ಗ್ರಾಂ, ಶೇ. 2. ಅದಕ್ಕೆ ಇನ್ನೊಂದು 50 ಲೀಟರ್ ಸೇರಿದಾಗ ತುತ್ತ ಅಷ್ಟೇ ಉಳಿಯಿತು, ಗಾತ್ರ ಎರಡರಷ್ಟಾಯಿತು, ಸಾರತೆ ಅರ್ಧವಾಗಿ ಶೇ. 1 ಆಯಿತು. ಮೊದಲ ಸಾರತೆ ಮತ್ತು ಗಾತ್ರದ ಗುಣಲಬ್ಧ, ಕೊನೆಯ ಸಾರತೆ ಮತ್ತು ಗಾತ್ರದ ಗುಣಲಬ್ಧಕ್ಕೆ ಸಮ ಎಂಬ ಸೂತ್ರವನ್ನು ಈ ಹಂತದಲ್ಲಿ ಮಕ್ಕಳಿಂದಲೇ ಹೇಳಿಸಬಹುದು. 1 ಕಿಲೋ ತುತ್ತ, 1 ಕಿಲೋ ಸುಣ್ಣ ಸೇರಿ ಶೇ. 2 ಆಯಿತಲ್ಲವೇ ಎಂದು ಜಾಣ ಮಗುವೊಂದು ಕೇಳಿಯೇ ಕೇಳುತ್ತದೆ. ಯಾವ ವಸ್ತುವಿನ ಶೇಕಡಾ ಎಂದು ಹೆಸರಿಸದೆ ಶೇಕಡಾ ಹೇಳಿದರೆ ಅರ್ಥವಿಲ್ಲ ಎಂಬುದು ಆ ಪ್ರಶ್ನೆಯಿಂದಲೇ ಹೊಮ್ಮಬೇಕು.

ಎರಡನೆಯದು, ನೂರು ಎಂದರೆ ಯಾವ ನೂರು ಎಂಬುದು. ಉಪ್ಪುನೀರಿನ ಲೆಕ್ಕದಲ್ಲಿ ರಾಶಿಗೆ ರಾಶಿ, ಇಲ್ಲಿ ಗಾತ್ರಕ್ಕೆ ರಾಶಿ. ನೂರು ಲೀಟರ್ ನೀರಿಗೆ ಪುಡಿ ಹಾಕುವುದೂ, ಪುಡಿ ಸೇರಿ ಒಟ್ಟು ನೂರು ಲೀಟರ್ ಮಾಡುವುದೂ ಒಂದೇ ಅಲ್ಲ. ಶೇ. 1ರಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಮರದ ಗಾಯಕ್ಕೆ ಹಚ್ಚುವ ಶೇ. 10ರ ಬೋರ್ಡೋ ಮುಲಾಮಿನಲ್ಲಿ, ಅಂದರೆ 10 ಲೀಟರಿಗೆ ತಲಾ 1 ಕಿಲೋ ತುತ್ತ ಮತ್ತು ಸುಣ್ಣ ಹಾಕುವಾಗ, ಅದನ್ನು ಕಡೆಗಣಿಸುವಂತಿಲ್ಲ.

ಮೂರನೆಯದು ಮೋಲ್. ಇದು ಆ ಪರಿಕಲ್ಪನೆ ತಿಳಿದ ಮಕ್ಕಳಿಗೆ. ಮೈಲುತುತ್ತದ ಹರಳಿನಲ್ಲಿ ಕಾಪರ್ ಸಲ್ಫೇಟಿನ ಒಂದು ಘಟಕದ ಜತೆ 5 ನೀರಿನ ಅಣುಗಳಿವೆ. ಒಂದು ಮೋಲ್ ಹರಳು 249.5 ಗ್ರಾಂ ತೂಗುತ್ತದೆ, ಅದರಲ್ಲಿ ತಾಮ್ರ 63.5 ಗ್ರಾಂ. 1000 ಗ್ರಾಂ ಎಂದರೆ ಸುಮಾರು 4 ಮೋಲ್. 100 ಲೀಟರಿಗೆ ಹಂಚಿದರೆ ಲೀಟರಿಗೆ 0.04 ಮೋಲ್. ತಾಮ್ರವನ್ನಷ್ಟೇ ಲೆಕ್ಕ ಹಾಕಿದರೆ ಲೀಟರಿಗೆ ಸುಮಾರು 2.5 ಗ್ರಾಂ. ಶೇ. 1 ತುತ್ತ ಎಂದರೆ ಶೇ. 1 ತಾಮ್ರವಲ್ಲ, ಶೇ. 0.25 ತಾಮ್ರ ಮಾತ್ರ. ಇನ್ನು ಸುಣ್ಣ: ಅಷ್ಟು ತಾಮ್ರವೆಲ್ಲ ಹೈಡ್ರಾಕ್ಸೈಡ್ ಆಗಲು ಶುದ್ಧವಾದ ಅರಳಿದ ಸುಣ್ಣ ಸುಮಾರು 300 ಗ್ರಾಂ ಇದ್ದರೆ ಸಾಕು. ಒಂದು ಕಿಲೋ ಹಾಕುವುದೇಕೆ? ಸುಣ್ಣದ ಶುದ್ಧತೆಯನ್ನು ನಂಬಿ ಕೂರುವಂತಿಲ್ಲ, ಔಷಧಿಯಲ್ಲಿ ಕ್ಷಾರಗುಣವೂ ಉಳಿಯಬೇಕು. ತೂಕದಲ್ಲಿ ಸಮ ಎಂದರೆ ಮೋಲಿನಲ್ಲಿ ಸಮ ಅಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ನಾಲ್ಕನೆಯದು ಪದದ ಪ್ರಶ್ನೆ. ನಾವೆಲ್ಲ ಬೋರ್ಡೋ ದ್ರಾವಣ ಎನ್ನುತ್ತೇವೆ. ಅದನ್ನು ಗಾಜಿನ ಲೋಟದಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ನೀಲಿ ಗಸಿ ತಳಕ್ಕೆ ಇಳಿಯುತ್ತದೆ. ಪಾಠದ ವ್ಯಾಖ್ಯೆಯ ಪ್ರಕಾರ ಅದು ದ್ರಾವಣವಲ್ಲ, ನೀರಿನಲ್ಲಿ ತೇಲುವ ಕಣಗಳ ಮಿಶ್ರಣ. ತಾಮ್ರದ ಬಹುಭಾಗ ಕರಗದ ರೂಪಕ್ಕೆ ತಿರುಗಿದೆ. ಔಷಧಿಯ ಗುಣವೂ ಅದೇ: ಮಳೆನೀರು ತಾಗಿದಂತೆಲ್ಲ ಆ ಪದರದಿಂದ ಚೂರುಚೂರೇ ತಾಮ್ರ ಕರಗಿ ಬೀಜಕಣವನ್ನು ಕೊಲ್ಲುತ್ತದೆ. ಪೂರ್ತಿ ಕರಗಿದ್ದರೆ ಮೊದಲ ಮಳೆಗೇ ತೊಳೆದುಹೋಗುತ್ತಿತ್ತು, ಎಳೆಗಾಯಿಯನ್ನೂ ಸುಡುತ್ತಿತ್ತು.

ಕುಡುಗೋಲಿನ ಪರೀಕ್ಷೆ

ಸುಣ್ಣ ಸಾಕಷ್ಟು ಬಿದ್ದಿದೆಯೇ ಎಂದು ತಿಳಿಯಲು ಬೆಳೆಗಾರರು ಉಜ್ಜಿ ಹೊಳಪು ಮಾಡಿದ ಚಾಕು ಅಥವಾ ಕುಡುಗೋಲನ್ನು ಔಷಧಿಯಲ್ಲಿ ಕೆಲವು ನಿಮಿಷ ಅದ್ದುತ್ತಾರೆ. ಕಬ್ಬಿಣದ ಮೇಲೆ ಕೆಂಪುಕಂದು ಲೇಪ ಬಂದರೆ ಕರಗಿದ ತಾಮ್ರ ಇನ್ನೂ ಉಳಿದಿದೆ ಎಂದರ್ಥ. ಇನ್ನಷ್ಟು ಸುಣ್ಣದ ನೀರು ಬೇಕು. ಹತ್ತನೇ ತರಗತಿಯಲ್ಲಿ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟಿನಲ್ಲಿ ಅದ್ದಿ ತೋರಿಸುವ ಸ್ಥಾನಪಲ್ಲಟ ಕ್ರಿಯೆ ಇದೇ. ಕಬ್ಬಿಣದ ಬಾನಿಯಲ್ಲಿ ತುತ್ತ ಕಲಸಬಾರದು ಎಂಬ ಹಿರಿಯರ ಎಚ್ಚರಿಕೆಗೂ ಕಾರಣ ಇದೇ. ಎಷ್ಟೋ ಮಕ್ಕಳ ಮನೆಯಲ್ಲಿ ಅಜ್ಜ ಮಾಡುವ ಈ ಪರೀಕ್ಷೆಯನ್ನು ತರಗತಿಗೆ ಕರೆತಂದರೆ, ಮನೆಯ ತಿಳಿವಳಿಕೆಗೂ ಪುಸ್ತಕದ ತಿಳಿವಳಿಕೆಗೂ ಜಗಳವಿಲ್ಲ ಎಂದು ಮಕ್ಕಳು ಕಂಡುಕೊಳ್ಳುತ್ತಾರೆ.

ತರಗತಿಯಲ್ಲಿ ಮಾಡಲು 1 ಗ್ರಾಂ ತುತ್ತ, 1 ಗ್ರಾಂ ಸುಣ್ಣ, ತಲಾ 50 ಮಿ.ಲೀ. ನೀರು ಸಾಕು. ಪ್ರಮಾಣ ಸಾವಿರ ಪಟ್ಟು ಕಡಿಮೆಯಾದರೂ ಸಾರತೆ ಬದಲಾಗಲಿಲ್ಲ ಎಂಬುದನ್ನು ಮಕ್ಕಳು ಗಮನಿಸುವಂತೆ ಮಾಡಿ. ತುತ್ತ ವಿಷ, ಶಿಕ್ಷಕರೇ ತೂಗಬೇಕು, ಕೈಗವಸು ಇರಬೇಕು. ಉಳಿದದ್ದನ್ನು ಕೆರೆ, ಹಳ್ಳಕ್ಕೆ ಚೆಲ್ಲಬಾರದು, ಮೀನಿಗೆ ತಾಮ್ರ ಆಗದು.

ಜೋಳದ ಮಿಡತೆ ಮತ್ತು ನಂತರದ ವರ್ಷಗಳು

ಕೋಲ್ಮನ್ ಅಡಿಕೆಗಷ್ಟೇ ಸೀಮಿತರಾದವರಲ್ಲ. ಬಯಲುಸೀಮೆಯ ಜೋಳದ ಹೊಲಗಳನ್ನು ತಿಂದುಹಾಕುತ್ತಿದ್ದ ರೆಕ್ಕೆಯಿಲ್ಲದ ದಖನ್ ಮಿಡತೆಯ ಬಗ್ಗೆ ಅವರು 1911ರಲ್ಲಿ ಬುಲೆಟಿನ್ ಪ್ರಕಟಿಸಿದರು. ಸ್ಪೇನಿನ ಕೀಟಶಾಸ್ತ್ರಜ್ಞ ಬೊಲಿವಾರ್ ಆ ಮಿಡತೆಯ ಕುಲಕ್ಕೆ ಕೋಲ್ಮನ್ ಅವರ ಹೆಸರನ್ನೇ ಇಟ್ಟು ಕೋಲ್ಮೇನಿಯ ಎಂದು ಕರೆದಿದ್ದರು. ಗಂಧದ ಮರದ ಸ್ಪೈಕ್ ರೋಗ, ಕಾಫಿಯ ಕೀಟಗಳು ಕೂಡ ಅವರ ಅಧ್ಯಯನಕ್ಕೆ ಒಳಪಟ್ಟವು. ಅವರ ಜತೆ ಕೆಲಸ ಮಾಡಿದ ಕೆ. ಕುಞ್ಞಿಕಣ್ಣನ್ ಮುಂದೆ ಸಂಸ್ಥಾನದ ಕೀಟಶಾಸ್ತ್ರಜ್ಞರಾಗಿ ಹೆಸರು ಮಾಡಿದರು.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1913ರಲ್ಲಿ, ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಕೃಷಿ ಇಲಾಖೆಯ ನಿರ್ದೇಶಕರಾಗಿ ಕೋಲ್ಮನ್ ಅದನ್ನು ಕಟ್ಟಿ ಬೆಳೆಸಿದರು. ಆ ಶಾಲೆಯೇ 1946ರಲ್ಲಿ ಕಾಲೇಜಾಗಿ, 1964ರಲ್ಲಿ ಕೃಷಿ ವಿಶ್ವವಿದ್ಯಾಲಯಕ್ಕೆ ತಳಹದಿಯಾಯಿತು. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ, ಇವೆರಡರ ಹಿಂದೆಯೂ ಅವರ ಶ್ರಮವಿದೆ. 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿ, ಟೊರೊಂಟೊದಲ್ಲಿ ಮತ್ತೆ ಸಂಶೋಧನೆಯಲ್ಲಿ ತೊಡಗಿದರು. 1954ರಲ್ಲಿ ತೀರಿಕೊಂಡರು.

ನಾಲ್ಕು ತಾಲ್ಲೂಕುಗಳಲ್ಲಿ ಈ ಪಾಠ

ಒಂದೇ ಜೀವನಕಥೆಯನ್ನು ಎಲ್ಲ ಕಡೆ ಒಂದೇ ರೀತಿ ಹೇಳಬೇಕಿಲ್ಲ. ಚನ್ನಗಿರಿ ಅಡಿಕೆಯ ಸೀಮೆ. ಮಲೆನಾಡಿನಷ್ಟು ಮಳೆ ಇಲ್ಲದಿದ್ದರೂ ಮಳೆ ಹೆಚ್ಚಾದ ವರ್ಷ ಕೊಳೆಯ ಭಯ ಇಲ್ಲೂ ಇದೆ. ಇಲ್ಲಿ ಪಂಪಿನ ಲೆಕ್ಕವನ್ನೇ ಮುಂದಿಡಿ: 16 ಲೀಟರಿಗೆ ಶೇ. 1ರಂತೆ 160 ಗ್ರಾಂ. ಲೀಟರಿಗೆ 100 ಗ್ರಾಂ ತುತ್ತವಿರುವ ಶೇ. 10ರ ದ್ರಾವಣ ಮೊದಲೇ ಮಾಡಿಟ್ಟಿದ್ದರೆ ಎಷ್ಟು ಅಳೆದು ಹಾಕಬೇಕು? 1.6 ಲೀಟರ್.

ನ್ಯಾಮತಿಯಲ್ಲಿ ಮೆಕ್ಕೆಜೋಳದ ಮಕ್ಕಳಿಗೆ ಶೇ. 2ರ ಯೂರಿಯಾ ಸಿಂಪರಣೆಯ ಲೆಕ್ಕ ಕೊಡಿ: ಲೀಟರಿಗೆ 20 ಗ್ರಾಂ, ಪಂಪಿಗೆ 320 ಗ್ರಾಂ. ಯೂರಿಯಾ ಪೂರ್ತಿ ಕರಗುತ್ತದೆ, ಬೋರ್ಡೋ ಕರಗುವುದಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟರೆ ದ್ರಾವಣ ಯಾವುದು, ಅಲ್ಲದ್ದು ಯಾವುದು ಎಂದು ಮಕ್ಕಳೇ ಹೇಳುತ್ತಾರೆ.

ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ ಭತ್ತವಿದೆ. ಬಿತ್ತನೆ ಭತ್ತವನ್ನು ಉಪ್ಪುನೀರಿನಲ್ಲಿ ಹಾಕಿ ಜೊಳ್ಳು ತೇಲಿಸಿ ತೆಗೆಯುವುದು ಗೊತ್ತಿರುವ ಕ್ರಮ; ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಬೇಕು. ಸಾರತೆ ಹೆಚ್ಚಿದಂತೆ ಸಾಂದ್ರತೆಯೂ ಹೆಚ್ಚುತ್ತದೆ, ಆದರೆ ಎರಡೂ ಒಂದಲ್ಲ. ಸಾರತೆ ಎಂದರೆ ಎಷ್ಟರಲ್ಲಿ ಎಷ್ಟು ಕರಗಿದೆ ಎಂಬುದು, ಸಾಂದ್ರತೆ ಎಂದರೆ ಒಂದು ಗಾತ್ರದ ರಾಶಿ ಎಷ್ಟು ಎಂಬುದು. ಈ ಎರಡು ಪದಗಳನ್ನು ಅದಲುಬದಲಾಗಿ ಬಳಸುವ ಅಭ್ಯಾಸ ಉತ್ತರ ಪತ್ರಿಕೆಗಳಲ್ಲಿ ಬಹಳ. ತೇಲುವ ಮೊಟ್ಟೆ ಅದನ್ನು ಬಿಡಿಸಿ ತೋರಿಸುತ್ತದೆ.

ಜಗಳೂರಿನಲ್ಲಿ ಅಡಿಕೆಯ ಕಥೆಗಿಂತ ಜೋಳದ ಮಿಡತೆಯಿಂದ ಆರಂಭಿಸಿ, ಲೆಕ್ಕಕ್ಕೆ ಕುಡಿಯುವ ನೀರನ್ನು ತೆಗೆದುಕೊಳ್ಳಿ. ಅಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಹಳೆಯದು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಿತಿ. ಬೇರೆ ನೀರು ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ. ಒಂದು ಲೀಟರ್ ನೀರು ಹತ್ತು ಲಕ್ಷ ಮಿಲಿಗ್ರಾಂ ತೂಗುವುದರಿಂದ ಇದು ಹತ್ತು ಲಕ್ಷದಲ್ಲಿ ಒಂದೂವರೆ ಭಾಗ. ಶೇಕಡಾದಲ್ಲಿ ಬರೆದರೆ 0.00015. ಇಷ್ಟು ಸಣ್ಣ ಸಂಖ್ಯೆ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ, ದೊಡ್ಡವರ ಮೂಳೆ ಬಿಗಿಯುತ್ತದೆ. ಶೇಕಡಾ ಬಿಟ್ಟು ಬೇರೆ ಮಾನ ಏಕೆ ಬೇಕು ಎಂಬ ಪ್ರಶ್ನೆಗೆ ಅಲ್ಲಿನ ಮಕ್ಕಳಿಗೆ ಬೇರೆ ವಿವರಣೆ ಬೇಕಾಗದು. ಒಂದು ಎಚ್ಚರಿಕೆ ಮಾತ್ರ: ಹಲ್ಲಿನ ಕಲೆ ಇರುವ ಮಗುವನ್ನು ತರಗತಿಯ ಉದಾಹರಣೆ ಮಾಡಬೇಡಿ.

ಈ ಪಾಠವನ್ನು ಯೋಜಿಸುವ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೆ. ಮೌಲ್ಯಮಾಪನದ ಹಂತದಲ್ಲಿ ಕೋಲ್ಮನ್ ಹುಟ್ಟಿದ ವರ್ಷ ಕೇಳಬೇಡಿ. ಮಗುವಿಗೆ ಒಂದು ಪಾತ್ರೆಯ ಅಳತೆ ಮತ್ತು ಒಂದು ಶೇಕಡಾ ಕೊಟ್ಟು, ತೂಗಬೇಕಾದದ್ದು ಎಷ್ಟು ಎಂದು ಕೇಳಿ. ಉತ್ತರದಲ್ಲಿ ಯಾವ ವಸ್ತು, ಎಷ್ಟು, ಎಷ್ಟರಲ್ಲಿ ಎಂಬ ಮೂರೂ ಇವೆಯೇ ನೋಡಿ. ಮೂರೂ ಇದ್ದರೆ ಆ ಮಗು ನಾಳೆ ತೋಟದ ಔಷಧಿಯನ್ನೂ ನೀರಿನ ಪರೀಕ್ಷೆಯ ಚೀಟಿಯನ್ನೂ ತಾನೇ ಓದಿಕೊಳ್ಳಬಲ್ಲದು.